ಕೊಳೆಗೆ ಮುಂಚೆ ಬರಬೇಕಾದ ಸುದ್ದಿ

ಅಪ್ಪ ತೀರಿಕೊಂಡ ಮೇಲೆ ಅವರ ಮರದ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಪಂಚಾಂಗಗಳನ್ನು ನಾನು ಇನ್ನೂ ಎಸೆದಿಲ್ಲ. ಇಟ್ಟುಕೊಂಡಿರುವುದು ಅವುಗಳ ಅಂಚಿನಲ್ಲಿರುವ ಪೆನ್ಸಿಲ್ ಬರಹಕ್ಕಾಗಿ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಪುಟಗಳಲ್ಲಿ ವರ್ಷವರ್ಷವೂ ಒಂದೆರಡು ಸಾಲು: ‘ಹಳ್ಳದ ಬದಿ, ಮೂರು ಕಾಯಿ.’ ‘ಕೆಳಗಿನ ತೋಟ, ಒಂದೇ ಕಾಯಿ, ಬಿಳಿ ಹಿಡಿದಿದೆ.’ ಒಂದು ವರ್ಷದ ಪುಟದಲ್ಲಿ ಬರೀ ‘ಬಂತು’ ಎಂದಿದೆ. ಏನು ಬಂತು ಎಂದು ತೀರ್ಥಹಳ್ಳಿ ಕಡೆಯ ಯಾವ ಅಡಿಕೆ ಮನೆಯವರೂ ಕೇಳುವುದಿಲ್ಲ. ಕೊಳೆ ಬಂತು, ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ರೋಗ.

ಅಪ್ಪ ಮಾಡುತ್ತಿದ್ದ ಇನ್ನೊಂದು ಕೆಲಸ ಪಂಚಾಂಗದಲ್ಲಿಲ್ಲ, ನನ್ನ ನೆನಪಿನಲ್ಲಿದೆ. ಮೊದಲ ಕೊಳೆಗಾಯಿ ಸಿಕ್ಕ ದಿನ ಅದನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ, ಕಂಬಳಿ ಕೊಪ್ಪೆ ಹಾಕಿಕೊಂಡು, ಸಂಕ ದಾಟಿ ಪಕ್ಕದ ಮನೆಗೆ ಹೋಗುತ್ತಿದ್ದರು. ‘ಭಟ್ರೇ, ನಮ್ಮಲ್ಲಿ ಶುರುವಾತು. ನಿಮ್ಮ ಹಳ್ಳದ ಬದಿ ಒಂದ್ಸಲ ನೋಡ್ಕಂಬಿಡಿ.’ ಭಟ್ಟರು ಕಾಯಿಯನ್ನು ಜಗಲಿಯ ಬೆಳಕಿಗೆ ಹಿಡಿದು, ತೊಟ್ಟಿನ ಬುಡದಲ್ಲಿ ನೀರು ಕುಡಿದಂತಿರುವ ಕಡುಹಸಿರು ಕಲೆಯನ್ನು ಬೆರಳಿನಿಂದ ಒತ್ತಿ ನೋಡಿ ‘ಹೌದು’ ಎನ್ನುತ್ತಿದ್ದರು. ಕಾಯಿ ಅಲ್ಲಿಂದ ನೇರ ಬಚ್ಚಲೊಲೆಗೆ. ಭಟ್ಟರ ಮಗ ಮುಂದಿನ ಮನೆಗೆ ಓಡುತ್ತಿದ್ದ. ಸಂಜೆ ದೀಪ ಹಚ್ಚುವುದರೊಳಗೆ ಕೇರಿಯ ಏಳೆಂಟು ಮನೆಗೂ ಸುದ್ದಿ ಮುಟ್ಟಿರುತ್ತಿತ್ತು. ನಮ್ಮೂರಿಗೆ ಆಗ ಫೋನು ಬಂದಿರಲಿಲ್ಲ.

ಇಷ್ಟು ವರ್ಷ ತೋಟ ಮಾಡಿದ ಮೇಲೆ ಆ ಹೋಗಿಬರುವಿಕೆಯ ಬೆಲೆ ನನಗೆ ಅರ್ಥವಾಗಿದೆ. ಕೊಳೆ ಹಿಡಿದ ಗೊನೆಯನ್ನು ನಾವು ಸಿಂಪಡಿಸುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಉಳಿಸುವುದಿಲ್ಲ. ಅದು ಕಾಯಿಯ ಮೇಲೆ ತೆಳುವಾದ ಪದರ ಕಟ್ಟಿ, ಬರುವ ರೋಗವನ್ನು ಹೊರಗೇ ತಡೆಯುತ್ತದೆ, ಅಷ್ಟೇ. ಹಾಗಾಗಿ ರೋಗ ಬಂದ ಸುದ್ದಿಯಿಂದ ರೋಗ ಬಂದವನಿಗೆ ಸಿಗುವ ಲಾಭ ಸ್ವಲ್ಪ. ಪೂರ್ತಿ ಲಾಭ ಇನ್ನೂ ರೋಗ ಬಾರದ ಪಕ್ಕದ ತೋಟದವನದ್ದು. ರೈತರಿಗೆ ರೋಗ, ಕೀಟಗಳ ಮಾಹಿತಿ ತಲುಪಿಸುವ ಬಗ್ಗೆ ನಡೆಯುವ ಎಲ್ಲ ಮಾತುಗಳ ಬುಡದಲ್ಲಿ ಈ ಒಂದು ಸಂಗತಿ ಇದೆ. ನಷ್ಟವಾದವನು ತನಗೆ ಏನೂ ಸಿಗದಿದ್ದರೂ ಎದ್ದು ಹೋಗಿ ಹೇಳಬೇಕು. ಅವನು ಹೇಳದಿದ್ದರೆ ಇಲಾಖೆಗೂ ಗೊತ್ತಾಗುವುದಿಲ್ಲ, ವಿಜ್ಞಾನಿಗೂ ಗೊತ್ತಾಗುವುದಿಲ್ಲ.

ಕೊಳೆಯ ಮರಿಗಳು ಈಜುತ್ತವೆ. ಕಾಯಿಯ ಮೇಲಿನ ನೀರಿನ ಪಸೆಯಲ್ಲಿ ಕಣ್ಣಿಗೆ ಕಾಣದ ಬೀಜಾಣುಗಳು ಬಾಲ ಬಡಿಯುತ್ತ ಹೋಗಿ ಸಿಪ್ಪೆಗೆ ಅಂಟಿ ಒಳಹೋಗುತ್ತವೆ. ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಗೊನೆಯಿಂದ ಗೊನೆಗೆ, ಮರದಿಂದ ಮರಕ್ಕೆ ದಾಟುತ್ತವೆ. 20ರಿಂದ 23 ಡಿಗ್ರಿ ತಂಪು, ಶೇ 90ಕ್ಕಿಂತ ಹೆಚ್ಚು ತೇವಾಂಶ, ನಡುವೆ ಆಗಾಗ ಇಣುಕುವ ಬಿಸಿಲು. ಈ ಮೂರೂ ಸೇರಿದರೆ ಕೊಳೆಗೆ ಹಬ್ಬ. ನಮ್ಮ ಮಲೆನಾಡಿನ ಜುಲೈ, ಆಗಸ್ಟ್ ಎಂದರೆ ಇದೇ. ಎರಡು ತೋಟಗಳ ನಡುವಿನ ಅಗಳನ್ನು ಆ ಬೀಜಾಣು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಯಜಮಾನ ಬೆಂಗಳೂರಿನಲ್ಲಿದ್ದು, ಉದುರಿದ ಕಾಯಿ ಹೆಕ್ಕುವವರಿಲ್ಲದೆ ಬಿದ್ದ ಒಂದು ತೋಟ ಸಾಕು, ಇಡೀ ಕಣಿವೆಗೆ ಅದೇ ತವರು.

ಈ ರೋಗ ತರುವ ಜೀವಿಯ ಕುಲಕ್ಕೆ ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ‘ಫೈಟಾಫ್ತೊರ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಗಿಡ ನಾಶಮಾಡುವುದು ಎಂದರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿ ಬರಗಾಲ ತಂದದ್ದು ಇದರ ದಾಯಾದಿ. ಅದೇ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರ ತಜ್ಞ ಕಾಫಿ ಗಿಡದ ಎಲೆ ಕೊಳೆಸುವ ಬೇರೊಂದು ಶಿಲೀಂಧ್ರಕ್ಕೆ ಹೆಸರಿಡಬೇಕಾಯಿತು. ಆತ ಇಟ್ಟದ್ದು ‘ಪೆಲಿಕ್ಯುಲೇರಿಯ ಕೊಳೆರೋಗ’. ನಮ್ಮ ತೋಟದ ಮಾತು ಹಾಗೇ ಲ್ಯಾಟಿನ್ ಹೆಸರಾಯಿತು. ಮುಂದೆ ‘ಕೊಳೆರೋಗ’ ಎಂಬುದೇ ಒಂದು ಕುಲದ ಹೆಸರೂ ಆಯಿತು. ಜಗತ್ತಿನ ಮೂಲೆಮೂಲೆಯ ಕಾಫಿ ವಿಜ್ಞಾನಿಗಳು ಆ ಶಿಲೀಂಧ್ರದ ಬಗ್ಗೆ ಬರೆಯುವಾಗ ಬಹುಕಾಲ ಒಂದು ಕನ್ನಡ ಪದವನ್ನೇ ಬರೆದರು. ಇದು ಬರೀ ಹೆಮ್ಮೆಪಡುವ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ವಿಜ್ಞಾನ ಬರುವುದಕ್ಕೆ ಎಷ್ಟೋ ಮೊದಲೇ ಬೆಳೆಗಾರ ರೋಗವನ್ನು ನೋಡಿದ್ದ, ಹೆಸರು ಕೊಟ್ಟಿದ್ದ, ಆ ಹೆಸರನ್ನು ಇನ್ನೊಬ್ಬರಿಗೆ ದಾಟಿಸಿದ್ದ ಎಂಬುದಕ್ಕೆ ಅದು ಸಾಕ್ಷಿ.

ಔಷಧಿಯ ಕಥೆಯೂ ಹೀಗೇ. ಫ್ರಾನ್ಸಿನ ಮೆಡಾಕ್ ಎಂಬಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ದ್ರಾಕ್ಷಿ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಕಂಡರೆ ವಿಷವೆನ್ನಿಸಬೇಕು, ಅಷ್ಟೇ ಅವರ ಉದ್ದೇಶ. ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ಆ ದಾರಿಯಲ್ಲಿ ಬಂದಾಗ, ಒಳಗಿನ ಬಳ್ಳಿಗಳೆಲ್ಲ ಬೂಜುರೋಗಕ್ಕೆ ಎಲೆ ಉದುರಿಸಿ ನಿಂತಿದ್ದರೆ ರಸ್ತೆ ಬದಿಯವು ಹಸಿರಾಗಿದ್ದವು. ಆತ ನಿಂತು ಯಾಕೆಂದು ಕೇಳಿದ. 1885ರಲ್ಲಿ ಮಿಶ್ರಣದ ವಿಧಾನವನ್ನು ಪ್ರಕಟಿಸಿದ. ಬೆಳೆಗಾರನನ್ನು ಕೇಳದೆ ಮುಂದೆ ಹೋಗಿದ್ದರೆ ನಮಗೆ ಬೋರ್ಡೋ ಇನ್ನೆಷ್ಟು ವರ್ಷ ತಡವಾಗುತ್ತಿತ್ತೋ.

ಅದನ್ನು ನಮ್ಮ ಅಡಿಕೆ ಗೊನೆಯವರೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದು, ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, 1910ರಲ್ಲಿ ಕೊಳೆರೋಗದ ಬಗ್ಗೆ ಪುಸ್ತಿಕೆ ಪ್ರಕಟಿಸಿದರು. ಅಲ್ಲಿಯವರೆಗೆ ನಮ್ಮವರ ಬಳಿ ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಮಳೆಗೆ ಮುಂಚೆ ಕೊನೆಗಾರ ಮರ ಹತ್ತಿ ಪ್ರತಿ ಗೊನೆಗೂ ಹುಲ್ಲಿನ ಕೊಟ್ಟೆ ಹೊದೆಸಿ ನೀರು ತಾಗದಂತೆ ಮಾಡುತ್ತಿದ್ದ. ರೋಗ ನೀರಿನಿಂದ ಬರುತ್ತದೆಂಬ ತಿಳಿವಳಿಕೆ ಆ ಕೊಟ್ಟೆಯಲ್ಲೇ ಇತ್ತು. ಕೋಲ್ಮನ್ ಬೋರ್ಡೋ ದ್ರಾವಣಕ್ಕೆ ಅಂಟು ಸೇರಿಸಿ, ಮುಂಗಾರಿನ ಹೊಡೆತಕ್ಕೂ ತೊಳೆದು ಹೋಗದಂತೆ ಮಾಡುವ ದಾರಿ ಹುಡುಕಿದರು. ಇಂದಿಗೂ ನಮ್ಮ ಅಂಗಳದಲ್ಲಿ ಔಷಧಿ ಕಲಸುವ ದಿನ ಅಂಟಿಗಾಗಿ ರಾಳ ಕುದಿಯುವ ವಾಸನೆ ಇರುತ್ತದೆ.

ಆ ದಿನದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಾಹಿತಿ ಕೆಡುವುದು ದೊಡ್ಡ ವಿಷಯಗಳಲ್ಲಿ ಕಡಿಮೆ, ಇಂಥ ಸಣ್ಣದರಲ್ಲೇ ಹೆಚ್ಚು. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಎರಡೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಬೇಕು, ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ತಿರುವುಮುರುವು ಮಾಡಿದರೆ ಹದ ಕೆಡುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ತುದಿಯನ್ನು ಅದ್ದಿ ತೆಗೆದಾಗ ಕೆಂಪು ಹತ್ತಿದ್ದರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಕಲಸಿದ್ದು ಅದೇ ದಿನ ಮುಗಿಯಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನ ಬಿಟ್ಟು, ಮಳೆ ಎಳೆದರೆ ಮೂರನೆಯದೂ ಬೇಕು.

ಈ ‘ಮಳೆ ಹಿಡಿಯುವ ಮೊದಲು’ ಎಂಬ ಮಾತಿನಲ್ಲೇ ಇಡೀ ವರ್ಷದ ಫಸಲಿದೆ. ಮೇ ಕೊನೆ, ಜೂನ್ ಮೊದಲ ವಾರ. ಎಲ್ಲರಿಗೂ ಏಕಕಾಲಕ್ಕೆ ಅದೇ ನಾಲ್ಕು ಕೊನೆಗಾರರು ಬೇಕು. ಸೊಸೈಟಿಯಲ್ಲಿ ತುತ್ತ ಇರಬೇಕು. ಮರದ ಮೇಲೆ ಎರಡು ಒಣ ದಿನ ಸಿಗಬೇಕು. ‘ಮಳೆಗಾಲದಲ್ಲಿ ಕೊಳೆ ನಿಯಂತ್ರಣಕ್ಕೆ ಬೋರ್ಡೋ ಸಿಂಪಡಿಸಿ’ ಎಂಬ ಸಲಹೆ ಜುಲೈ 15ಕ್ಕೆ ಬಂದರೆ ಒಂದಕ್ಷರ ತಪ್ಪಿಲ್ಲದಿದ್ದರೂ ನನಗೆ ಪ್ರಯೋಜನವಿಲ್ಲ. ಅಂಥ ಪ್ರಕಟಣೆಗಳನ್ನು ನಾನು ಓದಿದ್ದೇನೆ. ಓದುವಾಗ ಹೊರಗೆ ಕಾಯಿ ಉದುರುವ ಸದ್ದು ಕೇಳುತ್ತಿತ್ತು.

ರೇಡಿಯೊ ಈ ಹೊತ್ತನ್ನು ಚೆನ್ನಾಗಿ ಅರಿತಿತ್ತು. ಭದ್ರಾವತಿ ಆಕಾಶವಾಣಿಯ ಕೃಷಿರಂಗ ಬರುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಊಟದ ಬಾಳೆಯ ಮುಂದೆ ಅಪ್ಪ ಕೈ ತಡೆದು ಕೂರುತ್ತಿದ್ದರು. ಭತ್ತದ ಬೆಂಕಿರೋಗ, ಶುಂಠಿಯ ಗೆಡ್ಡೆಕೊಳೆ, ಮೆಣಸಿನ ಬಳ್ಳಿಯ ಸೊರಗು, ಹೀಗೆ ಋತುವಿಗೆ ತಕ್ಕ ಮಾತು. ಒಂದೇ ಕೊರತೆ: ರೇಡಿಯೊಗೆ ನಾವು ಏನನ್ನೂ ಹೇಳುವಂತಿರಲಿಲ್ಲ, ಕಾಗದ ಬರೆದರೆ ಅದು ತಲುಪುವಷ್ಟರಲ್ಲಿ ಗೊನೆ ಬರಿದಾಗಿರುತ್ತಿತ್ತು. ಆ ಕೊರತೆಯನ್ನು ತುಂಬಲು ಹೊರಟದ್ದು 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’. ಕೃಷಿಕರ ಕೈಗೆ ಲೇಖನಿ ಕೊಡಬೇಕೆಂಬುದು ಅದರ ಹಟ. ಶ್ರೀಪಡ್ರೆ ಮತ್ತು ಅವರ ಸಂಗಡಿಗರು ಬೆಳೆಗಾರನನ್ನೇ ಬರೆಯಲು ಕೂರಿಸಿದರು. ವಿಟ್ಲದ ಸಂಶೋಧನಾ ಕೇಂದ್ರದವರ ಮಾತಿನ ಪಕ್ಕದಲ್ಲೇ ಯಾವುದೋ ಹಳ್ಳಿಯ ತೋಟದವನ ಅನುಭವವೂ ಅಚ್ಚಾಗುತ್ತಿತ್ತು. ನಾನು ಹದಿನೈದು ವರ್ಷದ ಸಂಚಿಕೆಗಳನ್ನು ಹೊಲಿಸಿ ಇಟ್ಟಿದ್ದೇನೆ, ಈಗಲೂ ತೆಗೆದು ನೋಡುತ್ತೇನೆ.

ಇನ್ನು ನನ್ನದೇ ಒಂದು ವಿಷಯ ಹೇಳಬೇಕು. ಇದನ್ನು ಈವರೆಗೆ ಬರೆದಿರಲಿಲ್ಲ.

2013ರ ಮಳೆಗಾಲ. ಮಲೆನಾಡು, ಕರಾವಳಿ ಎರಡೂ ಕಡೆ ಕೊಳೆ ವಿಪರೀತವಾಗಿದ್ದ ವರ್ಷ ಅದು. ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು, ಫಸಲನ್ನು ಚೇಣಿಗೆ ಕೊಡಲು ಮಾತಾಗಿತ್ತು. ಚೇಣಿ ಎಂದರೆ ಮರದಲ್ಲಿರುವಾಗಲೇ ಫಸಲನ್ನು ಅಂದಾಜಿನ ಮೇಲೆ ವಹಿಸಿಕೊಡುವುದು. ಚೇಣಿಯವರು ನೋಡಲು ಬರಲು ಹತ್ತು ದಿನವಿತ್ತು. ಆಗ ಹಳ್ಳದ ಬದಿಯಲ್ಲಿ ನನಗೆ ಕೊಳೆಗಾಯಿ ಸಿಕ್ಕಿತು. ಮೊದಲ ದಿನ ಎರಡು, ಮಾರನೆ ದಿನ ಬುಟ್ಟಿಯ ತಳ ಮುಚ್ಚುವಷ್ಟು. ನಾನು ಹೆಕ್ಕಿ ಸುಟ್ಟೆ, ಯಾರಿಗೂ ಹೇಳಲಿಲ್ಲ. ಕೊಳೆ ಬಂದ ತೋಟವೆಂದು ಬಾಯಿಗೆ ಬಿದ್ದರೆ ಚೇಣಿಯ ಮೊತ್ತ ಇಳಿಯುತ್ತಿತ್ತು. ಚೇಣಿ ಮುಗಿಯಿತು. ಅಷ್ಟರಲ್ಲಿ ಭಟ್ಟರ ಮಗನ ತೋಟದ ಕೆಳಸಾಲುಗಳಲ್ಲಿ ಗೊನೆಗಳು ಬೋಳಾಗಿದ್ದವು. ಅವನು ಎರಡನೇ ಸಲದ ಔಷಧಿ ಹೊಡೆಸಲು ಕೊನೆಗಾರನಿಗಾಗಿ ಕಾಯುತ್ತಿದ್ದ. ಗೊತ್ತಿದ್ದರೆ ಬೇರೆ ಊರಿನಿಂದ ಕರೆತರುತ್ತಿದ್ದ. ‘ನಿಮ್ಮಲ್ಲಿ ಯಾವಾಗ ಶುರುವಾಗಿತ್ತೋ?’ ಎಂದು ಅವನು ಒಮ್ಮೆ ಕೇಳಿದ. ‘ನಿನ್ನ ಹೊತ್ತಿಗೇ’ ಎಂದೆ.

ರೋಗದ ಮಾಹಿತಿ ಹಂಚುವುದೆಂದರೆ ತಂತ್ರಜ್ಞಾನದ ಪ್ರಶ್ನೆ ಎಂದು ಯಾರಾದರೂ ಹೇಳಿದಾಗ ನನಗೆ ಈ ಹತ್ತು ದಿನಗಳು ನೆನಪಾಗುತ್ತವೆ. ನನ್ನ ಕೈಯಲ್ಲಿ ಫೋನಿತ್ತು, ಅವನ ನಂಬರೂ ಇತ್ತು. ಮೌನಕ್ಕೆ ನಮ್ಮಲ್ಲಿ ಕಾರಣಗಳು ಬಹಳ. ಚೇಣಿ ಒಂದು. ಸಾಲ ಕೊಟ್ಟವರು ವಿಚಾರಿಸಿಕೊಂಡು ಬರುತ್ತಾರೆಂಬುದು ಇನ್ನೊಂದು. ತೋಟ ಸರಿಯಾಗಿ ನೋಡಿಕೊಂಡಿಲ್ಲವೆಂದು ನಾಲ್ಕು ಜನ ಆಡಿಕೊಳ್ಳುತ್ತಾರೆಂಬ ನಾಚಿಕೆ ಮತ್ತೊಂದು. ಮೊದಲು ಹೇಳಿದವನಿಗೆ ನಷ್ಟವಾಗದಂತೆ ನೋಡಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಎಷ್ಟು ಆ್ಯಪ್ ಮಾಡಿದರೂ ಆ ಮೌನ ಒಡೆಯುವುದಿಲ್ಲ. ಬೆಳೆ ವಿಮೆಯಾಗಲಿ, ಪರಿಹಾರವಾಗಲಿ, ಮೊದಲು ತಿಳಿಸಿದವನ ಪರವಾಗಿ ನಿಲ್ಲಬೇಕು.

ತೆರೆದು ಹೇಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಒಂದು ಅಪರಿಚಿತ ಹುಳು ಕಾಣಿಸಿತು. ಸುಳಿಯೊಳಗೆ ಕೂತು ಎಲೆಯನ್ನು ಜರಡಿ ಮಾಡುತ್ತಿತ್ತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಗುರುತು, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಇಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟ ತಜ್ಞರು ಅದನ್ನು ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟಿದ್ದ ಹುಳು ಭಾರತದಲ್ಲಿ, ಏಷ್ಯಾದಲ್ಲೇ, ಮೊದಲು ಕಂಡದ್ದು ಇಲ್ಲಿ. ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆಯಿಂದ ಜುಲೈ ಕೊನೆಯಲ್ಲಿ ಎಚ್ಚರಿಕೆ ಹೊರಟಿತು. ಹುಳುವನ್ನು ತಡೆಯಲಾಗಲಿಲ್ಲ. ರಾತ್ರಿಯಲ್ಲಿ ದೂರ ಹಾರುವ ಪತಂಗ ಅದು, ವರ್ಷ ತಿರುಗುವುದರೊಳಗೆ ದಕ್ಷಿಣದ ರಾಜ್ಯಗಳನ್ನು ದಾಟಿ 2019ರ ಆರಂಭಕ್ಕೆ ಚೀನಾ ಮುಟ್ಟಿತ್ತು. ಆದರೂ ಮುಂದಿನ ಊರಿನ ರೈತನಿಗೆ ಅದು ಬರುವ ಮುಂಚೆ ಅದರ ಚಿತ್ರ ಬಂದಿತ್ತು. ಮೊಟ್ಟೆಯ ಗುಂಪನ್ನು ಎಲೆಯ ಮೇಲೇ ಹಿಸುಕಬೇಕು, ಹುಳು ದೊಡ್ಡದಾಗಿ ಸುಳಿಯೊಳಗೆ ಹೋದರೆ ಔಷಧಿ ತಾಗುವುದಿಲ್ಲ ಎಂಬುದು ಗೊತ್ತಾಗಿತ್ತು. ಹೊಸ ಕೀಟವನ್ನು ತಮ್ಮ ಜಿಲ್ಲೆಯ ಅವಮಾನವೆಂದು ಮುಚ್ಚಿಡದೆ ಹೆಸರು ಹಿಡಿದು ಹೇಳಿದ ಆ ತಜ್ಞರ ಬಗ್ಗೆ ನನಗೆ ಗೌರವವಿದೆ.

ಅಡಿಕೆಯ ಎಲೆಚುಕ್ಕಿ ರೋಗದಲ್ಲಿ ಹಾಗಾಗಲಿಲ್ಲ. ಕಳಸ, ಶೃಂಗೇರಿ, ಹೊಸನಗರ, ತೀರ್ಥಹಳ್ಳಿಯ ತೋಟಗಳಲ್ಲಿ ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು ಮೂಡಿದಾಗ ನಾವು ಬಹಳಷ್ಟು ಜನ ಗೊಬ್ಬರ ಕಡಿಮೆಯಾಗಿದೆ ಎಂದುಕೊಂಡೆವು. ಹಾಗೆ ನಮಗೆ ಹೇಳಿದವರೂ ಇದ್ದರು. ಪೊಟ್ಯಾಷ್ ಸುರಿದೆವು. ಚುಕ್ಕೆಗಳು ಕೂಡಿ ಸೋಗೆ ಸುಟ್ಟಂತಾಯಿತು. ಶಿಲೀಂಧ್ರವೆಂದು ತಿಳಿದು, ಕೆಳಗಿನ ರೋಗದ ಸೋಗೆಗಳನ್ನು ಕಡಿದು ಸುಡಬೇಕು, ಊರಿಗೆ ಊರೇ ಒಟ್ಟಿಗೆ ಔಷಧಿ ಹೊಡೆಯಬೇಕು ಎಂಬ ಮಾತು ಬರುವಷ್ಟರಲ್ಲಿ ಕೆಲವು ತೋಟಗಳು ಗುಡ್ಡದ ಮೇಲಿಂದ ನೋಡಿದರೆ ಬೇಸಗೆಯ ಹುಲ್ಲಿನಂತೆ ಕಾಣುತ್ತಿದ್ದವು. ಹಳದಿ ಎಲೆ ರೋಗದ ವಿಷಯ ಇನ್ನೂ ಕಷ್ಟದ್ದು. ಅದಕ್ಕೆ ಔಷಧಿಯೇ ಇಲ್ಲ. ಸಂಪಾಜೆ, ಸುಳ್ಯ, ಕೊಪ್ಪದ ರೈತರಿಗೆ ಆ ಸತ್ಯವನ್ನು ನೇರವಾಗಿ ಹೇಳುವವರು ಬೇಕಿತ್ತು. ಇಲ್ಲದ ಮದ್ದಿನ ಬಾಟಲಿ ಮಾರುವವರು ಅದಕ್ಕೆ ಮೊದಲೇ ಬಂದಿದ್ದರು.

ಗಿಡಕ್ಕೆ ಏನಾದರೂ ಆದರೆ ನಮ್ಮವರು ಮೊದಲು ಹೋಗುವುದು ಪೇಟೆಯ ಔಷಧಿ ಅಂಗಡಿಗೆ. ಎಲೆ ತೋರಿಸುತ್ತೇವೆ, ಅಂಗಡಿಯವರು ನೋಡಿ ಮೂರು ಬಾಟಲಿ ಇಡುತ್ತಾರೆ. ಹುಳುವಿಗೊಂದು, ರೋಗಕ್ಕೊಂದು, ‘ಚೈತನ್ಯಕ್ಕೆ’ ಒಂದು. ಒಳ್ಳೆಯ ಅಂಗಡಿಯವರನ್ನೂ ನಾನು ಬಲ್ಲೆ. ಆದರೆ ಮಾರುವ ಕೈಯೇ ರೋಗ ಹೇಳುವ ಬಾಯಿಯೂ ಆಗಿರುವುದು ಸರಿಯಲ್ಲ. ಬಾಟಲಿಯ ಮೇಲಿನ ವಜ್ರಾಕಾರದ ಗುರುತು ಕೆಂಪಾದರೆ ಅತಿ ವಿಷ, ನಂತರ ಹಳದಿ, ನೀಲಿ, ಹಸಿರು ಎಂಬ ಇಷ್ಟು ಸಣ್ಣ ತಿಳಿವಳಿಕೆಯೂ ಸಿಂಪಡಿಸುವ ಕೂಲಿಯವರನ್ನು ತಲುಪಿಲ್ಲ. ಬೆನ್ನ ಮೇಲೆ ಟ್ಯಾಂಕು ಹೊರುವವರು ಅವರು, ಮಾಹಿತಿಯ ಸಭೆಗೆ ಕರೆಯುವುದು ಮಾತ್ರ ಪಹಣಿ ಇರುವ ನಮ್ಮನ್ನು.

ಸರ್ಕಾರದ ಕಡೆಯಿಂದ ದಾರಿಗಳಿಲ್ಲವೆಂದಲ್ಲ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ ಕನ್ನಡದಲ್ಲೇ ಉತ್ತರಿಸುತ್ತದೆ. ಮಂಗಳವಾರ, ಶುಕ್ರವಾರ ಹವಾಮಾನ ಆಧಾರಿತ ಕೃಷಿ ಸಲಹೆ ಹೊರಡುತ್ತದೆ. 2024ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಕೀಟ ಕಣ್ಗಾವಲಿನ ಆ್ಯಪ್ ಬಿಡುಗಡೆ ಮಾಡಿತು, ಹುಳುವಿನ ಫೋಟೊ ತೆಗೆದು ಹಾಕಿದರೆ ಅದೇನೆಂದು ಹೇಳುತ್ತದೆ. ಒಳ್ಳೆಯದೇ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲಾಯಿತು. ಜಿಲ್ಲೆಯ ಮಳೆ, ಮಣ್ಣು, ಬೆಳೆ ಬಲ್ಲ ಒಬ್ಬ ಮನುಷ್ಯ ಅಲ್ಲಿ ಕೂತು ತಾಲ್ಲೂಕಿಗೆ ತಕ್ಕ ಮಾತು ಬರೆಯುತ್ತಿದ್ದ. ಆಗುಂಬೆಯ ಮಳೆಯೂ ಶಿಕಾರಿಪುರದ ಮಳೆಯೂ ಒಂದೇ ಜಿಲ್ಲೆಯಲ್ಲಿ ಬೀಳುತ್ತವೆ, ಒಂದೇ ಸಲಹೆ ಎರಡಕ್ಕೂ ಹೊಂದುವುದಿಲ್ಲ. ಆ ಮನುಷ್ಯನನ್ನು ತೆಗೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಮ್ಮ ಸುತ್ತಲಿನ ನಲವತ್ತು ತೋಟದವರು ಸೇರಿ ಈಗ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಮೊದಲ ವರ್ಷ ಅದರಲ್ಲಿ ಶುಭೋದಯದ ಹೂವುಗಳ ನಡುವೆ ಯಾವುದೋ ದೇಶದ ಯಾವುದೋ ಹುಳುವಿನ ವಿಡಿಯೊ ಬಂದು ಜನ ಹೆದರಿ ಔಷಧಿ ಹೊಡೆದದ್ದೂ ಆಯಿತು. ಆಮೇಲೆ ಕಟ್ಟುನಿಟ್ಟು ಮಾಡಿದೆವು. ಸ್ವಂತ ತೋಟದಲ್ಲಿ ಸ್ವಂತ ಕಣ್ಣಿಂದ ಕಂಡದ್ದನ್ನೇ ಹಾಕಬೇಕು. ಫೋಟೊ ಜೊತೆ ಊರು, ದಿನಾಂಕ, ಹಿಂದಿನ ಮೂರು ದಿನದ ಮಳೆ, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂಬುದಿರಬೇಕು. ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಬ್ಬರು ಗುಂಪಿನಲ್ಲಿದ್ದಾರೆ, ಅವರು ನೋಡಿ ಹೇಳುವವರೆಗೆ ಯಾರೂ ಔಷಧಿಯ ಹೆಸರು ಹೇಳುವಂತಿಲ್ಲ. ‘ನಮ್ಮಲ್ಲಿ ಇಲ್ಲ’ ಎಂಬುದನ್ನೂ ಬರೆಯಬೇಕೆಂದು ಅವರೇ ಕಲಿಸಿದರು. ಎಲ್ಲಿಲ್ಲವೆಂದು ತಿಳಿದರೆ ರೋಗ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಲೆಕ್ಕ ಹಾಕಬಹುದಂತೆ. ಇನ್ನೊಂದು ಒಪ್ಪಂದವೂ ಇದೆ: ಗುಂಪಿನಲ್ಲಿ ಬಂದದ್ದು ಚೇಣಿಯ ಮಾತುಕತೆಗೆ ಹೋಗಕೂಡದು. ಅದನ್ನು ಸೇರಿಸಬೇಕೆಂದು ಪಟ್ಟು ಹಿಡಿದವನು ನಾನು, ಯಾಕೆಂದು ಯಾರೂ ಕೇಳಲಿಲ್ಲ.

ಭಟ್ಟರ ಮಗ ಆ ಗುಂಪಿನಲ್ಲಿಲ್ಲ. ಅವನ ಬಳಿ ಇರುವುದು ಒತ್ತುವ ಗುಂಡಿಯ ಹಳೆಯ ಫೋನು, ನಮ್ಮ ಹಳ್ಳದ ತಗ್ಗಿನಲ್ಲಿ ಅದಕ್ಕೆ ನೆಟ್‌ವರ್ಕೂ ಸಿಗುವುದಿಲ್ಲ. ಹೋದ ಮಳೆಗಾಲ ಪುನರ್ವಸು ಮುಗಿಯುವ ಹೊತ್ತಿಗೆ ಹಳ್ಳದ ಬದಿಯ ಮೂರನೇ ಸಾಲಿನಲ್ಲಿ ನನಗೆ ಒಂದು ಕಾಯಿ ಸಿಕ್ಕಿತು. ಫೋಟೊ ತೆಗೆದು ಗುಂಪಿಗೆ ಹಾಕಿದೆ. ಆಮೇಲೆ ಕಾಯಿಯನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿಕೊಂಡು ಸಂಕ ದಾಟಿದೆ. ಅವನು ಜಗಲಿಯಲ್ಲಿ ಹಾಳೆ ಕೊಯ್ಯುತ್ತ ಕೂತಿದ್ದ. ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದ. 2013ರ ವಿಷಯವನ್ನೂ ಅವತ್ತೇ ಹೇಳಿದೆ. ಹತ್ತು ದಿನ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಎದ್ದು ಕಾಯಿಯನ್ನು ಬಚ್ಚಲೊಲೆಗೆ ಹಾಕಿ ಬಂದು, ಗೂಟದ ಮೇಲಿನ ಕೊಪ್ಪೆ ತೆಗೆದುಕೊಂಡ.

‘ಯಾವ ಸಾಲು ಅಂದೆ?’

‘ಮೂರನೇದು. ನಿನ್ನ ಕಡೆಯಿಂದ.’

‘ನಡಿ, ನೋಡನ.’